ಕಿತ್ತಿಟ್ಟ ಪಂಪು

ಹಿಮ ಕರಗಿ ಮಳೆ ಶುರುವಾದರೂ ಆ ಮನೆಯ ಒಂದು ಸದ್ದು ಮಾತ್ರ ಇನೆಸ್‌ಗೆ ಒಗ್ಗಿರಲಿಲ್ಲ. ನೆಲಮಾಳಿಗೆಯ ಮೂಲೆಯಲ್ಲಿ ಮುಚ್ಚಳ ಹಾಕಿದ ಒಂದು ಗುಂಡಿ. ಮನೆಯ ಬುಡದಲ್ಲಿ ಒಸರುವ ನೀರೆಲ್ಲ ಬಂದು ಅದರಲ್ಲಿ ಸೇರಬೇಕು. ಒಂದು ಮಟ್ಟಕ್ಕೆ ಏರಿದ ಕೂಡಲೇ ಪಂಪು ತಾನೇ ಎದ್ದು ಗುರುಗುಟ್ಟಿ, ನೀರನ್ನು ಅಂಗಳಕ್ಕೆ ಎಸೆದು, ಕೊನೆಗೆ ಪೈಪಿನೊಳಗೆ ದಬ್ಬೆಂದು ಸದ್ದು ಮಾಡಿ ಸುಮ್ಮನಾಗಬೇಕು. ಬೀದಿಯ ಉಳಿದವರಿಗೆ ಅದು ಫ್ರಿಜ್ಜಿನ ಸದ್ದಿನಂತೆ, ಕೇಳಿಯೂ ಕೇಳದ ಸದ್ದು.

ಇನೆಸ್ ಹುಟ್ಟಿ ಬೆಳೆದದ್ದು ಸ್ಯಾನ್ ಡಿಯೇಗೊದ ಬಂದರಿನ ಪಕ್ಕದ ಪೋರ್ಚುಗೀಸರ ಕೇರಿಯಲ್ಲಿ. ಅಪ್ಪ ಟ್ಯೂನಾ ಮೀನಿನ ದೋಣಿಯವನು. ದೋಣಿಯ ತಳದಲ್ಲೂ ಒಂದು ಪಂಪು ಇರುತ್ತಿತ್ತು. ಅದು ಯಾವಾಗಲೋ ಒಮ್ಮೆ ಓಡಿದರೆ ಸರಿ. ಮೇಲಿಂದ ಮೇಲೆ ಓಡತೊಡಗಿದರೆ ಅಪ್ಪ ಬಾಯಿಗಿಟ್ಟ ತುತ್ತನ್ನು ಅಗಿಯದೆ ಕಿವಿಗೊಡುತ್ತಿದ್ದ. ಎಲ್ಲೋ ಹಲಗೆ ಬಿಟ್ಟಿದೆ, ನೀರು ಒಳಗೆ ಬರುತ್ತಿದೆ ಎಂದು ಅರ್ಥ. ಇಲ್ಲಿ, ಆ ಸಮುದ್ರದಿಂದ ಸಾವಿರದೈನೂರು ಮೈಲಿಯಾಚೆ, ಜೋಳದ ಹೊಲ ಒಡೆದು ಕಟ್ಟಿದ ಬಡಾವಣೆಯಲ್ಲಿ ಪಂಪು ಓಡಿದಾಗಲೆಲ್ಲ ಅವಳ ಕೈಯ ಸೌಟು ಪಾತ್ರೆಯಲ್ಲೇ ನಿಂತುಬಿಡುತ್ತಿತ್ತು. ಕಾರಣ ಗೊತ್ತಿದ್ದ ಮಾತ್ರಕ್ಕೆ ಮೈ ಕೇಳಬೇಕಲ್ಲ.

ಅವರು ಇಲ್ಲಿಗೆ ಬಂದದ್ದರಲ್ಲಿ ಗುಟ್ಟೇನೂ ಇರಲಿಲ್ಲ. ಗಂಡ ಡ್ವೈಟ್‌ಗೆ ಡೆ ಮೊಯ್ನ್‌ನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸ್ಯಾನ್ ಡಿಯೇಗೊದಲ್ಲಿ ಒಂದೇ ಮಲಗುವ ಕೋಣೆಯ ಮನೆಗೆ ತೆರುತ್ತಿದ್ದ ಬಾಡಿಗೆಯಲ್ಲಿ ಇಲ್ಲಿ, ನಗರದ ಹೊರವಲಯದ ನಾರ್ವೇ ಗ್ರೋವ್‌ನಲ್ಲಿ, ಮಹಡಿ, ಅಂಗಳ, ನೆಲಮಾಳಿಗೆ ಇರುವ ಸ್ವಂತ ಮನೆಯ ಕಂತೇ ತೀರುತ್ತಿತ್ತು. ಅಲ್ಲಿ ಮಗಳು ಬೀಯಾ ಹಾಲಿನಲ್ಲಿ ಪರದೆಯ ಹಿಂದೆ ಮಲಗುತ್ತಿದ್ದಳು. ಇಲ್ಲಿ ಅವಳದೇ ಕೋಣೆ. ಇನೆಸ್‌ಗೂ ನದಿಯ ನೀರಿನಲ್ಲಿ ಗೊಬ್ಬರದ ಅಂಶ ಎಷ್ಟಿದೆ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ದೂರಲು ಏನೂ ಇಲ್ಲ, ಅದೇ ಅವಳ ಕಷ್ಟ. ಊರು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವಳು ಗುರುತಿಟ್ಟುಕೊಂಡ ಕೊನೆಯ ಬೇಲಿ ಮುಂದಿನ ವಾರ ಕೊನೆಯ ಬೇಲಿಯಾಗಿರುತ್ತಿರಲಿಲ್ಲ; ಅದರಾಚೆ ಹಳದಿ ಮರದ ಹೊಸ ಚೌಕಟ್ಟುಗಳು ಎದ್ದಿರುತ್ತಿದ್ದವು. ಡ್ವೈಟ್ ಶಿಳ್ಳೆ ಹಾಕುತ್ತ ಹುಲ್ಲು ಕತ್ತರಿಸುತ್ತಿದ್ದ.

ಬರುವ ಮುಂಚೆ ಇಬ್ಬರೂ ಒಂದು ಮಾತು ಆಡಿಕೊಂಡಿದ್ದರು. ಬೀಯಾಳ ಶಾಲೆಯ ವರ್ಷ ಮುಗಿಯುವವರೆಗೆ ನೋಡುವುದು, ಆಮೇಲೆ ಇರುವುದೋ ಹಿಂತಿರುಗುವುದೋ ಕೂತು ತೀರ್ಮಾನಿಸುವುದು. ಆ ಮಾತನ್ನು ಡ್ವೈಟ್ ಮರೆತೇಬಿಟ್ಟಿದ್ದ. ನೆಲಮಾಳಿಗೆಯಲ್ಲಿ ಗೋಡೆಗೊತ್ತಿ ಪೇರಿಸಿದ್ದ ರಟ್ಟಿನ ಪೆಟ್ಟಿಗೆಗಳ ಬಗ್ಗೆ ಅವನು ಒಮ್ಮೆ ಕೇಳಿದಾಗ ಇನೆಸ್, "ಖಾಲಿ ಅವು, ಯಾವಾಗಾದ್ರೂ ಎಸೆದ್ರಾಯ್ತು" ಎಂದಿದ್ದಳು. ಒಂದೂ ಖಾಲಿಯಿರಲಿಲ್ಲ. ಅವಳು ಅಂಟು ಟೇಪನ್ನೂ ಬಿಡಿಸಿರಲಿಲ್ಲ.

ಗುರುವಾರ ಸಂಜೆ ಹಳೆಯ ಪ್ರಯೋಗಾಲಯದ ಮುಖ್ಯಸ್ಥೆ ಮರೀಬೆಲ್ ಫೋನ್ ಮಾಡಿದಳು. ಡ್ವೈಟ್ ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದ. ಇನೆಸ್ ಬಟ್ಟೆ ಒಗೆಯುವ ನೆಪದಲ್ಲಿ ನೆಲಮಾಳಿಗೆಗೆ ಇಳಿದಳು.

"ನಿನ್ನ ಜಾಗ ಇನ್ನೂ ಹಾಗೇ ಇದೆ ಕಣೇ" ಎಂದಳು ಮರೀಬೆಲ್. "ಸೋಮವಾರದೊಳಗೆ ಹೂಂ ಅಂದ್ರೆ ಸಾಕು, ಬೇರೆ ಯಾರನ್ನೂ ಕರೆಯಲ್ಲ." ಅಷ್ಟರಲ್ಲಿ ಪಂಪು ಎದ್ದಿತು. "ಏನದು ಸದ್ದು? ಅಪ್ಪನ ದೋಣಿ ಹತ್ತಿದೀಯೇನು?"

"ಒಂದು ನಿಮಿಷ ಇರು" ಎಂದು ಇನೆಸ್ ಗೋಡೆಯಿಂದ ಪ್ಲಗ್ ಕಿತ್ತಳು. ಸದ್ದು ನಿಂತಿತು. ಆ ಮೌನದಲ್ಲಿ ಅವಳ ಮಾತು ಅವಳಿಗೇ ಸ್ಪಷ್ಟವಾಗಿ ಕೇಳಿಸಿತು: "ಬರೋಣ ಅಂತಲೇ ಇದೀನಿ. ಮನೇಲಿ ಇನ್ನೂ ಹೇಳಿಲ್ಲ."

ಮೇಲಿಂದ ಬೀಯಾ ಸಾಫ್ಟ್‌ಬಾಲಿನ ಕೈಗವಸು ಎಲ್ಲಿ ಎಂದು ಕೂಗಿದಳು. ಇನೆಸ್ ಫೋನ್ ಇಟ್ಟು ಮೆಟ್ಟಿಲೇರಿದಳು. ಪ್ಲಗ್ ನೇತಾಡುತ್ತಲೇ ಉಳಿಯಿತು.

ಶುಕ್ರವಾರ ಇಡೀ ದಿನ ಮಳೆ. ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ನಿಂತಾಗ ಮನೆ ಎಷ್ಟು ಶಾಂತವಾಗಿದೆ ಎನಿಸಿತು. ಮನಸ್ಸು ಗಟ್ಟಿಮಾಡಿದ ಮೇಲೆ ಕಿವಿಯೂ ಸುಮ್ಮನಾಯಿತು ಎಂದುಕೊಂಡಳು. ಪ್ರಯೋಗಾಲಯದಲ್ಲಿ ಯಾವುದೇ ಅಳತೆ ಇದ್ದಕ್ಕಿದ್ದಂತೆ ಸೊನ್ನೆಗೆ ಇಳಿದರೆ ಮೊದಲು ಉಪಕರಣವನ್ನೇ ಅನುಮಾನಿಸುವವಳು ಅವಳು. ಮನೆಯಲ್ಲಿ ಅದು ಹೊಳೆಯಲಿಲ್ಲ.

ಮಳೆ ನಿಂತು ಬಿಸಿಲು ಬಂದಾಗ ಪಕ್ಕದ ಮನೆಯ ಆರ್ಲಿಸ್ ಬಾಗಿಲು ತಟ್ಟಿದಳು. ಎಪ್ಪತ್ತು ದಾಟಿದ ವಿಧವೆ, ವರ್ಷಗಟ್ಟಲೆ ಶಾಲೆಯ ಬಸ್ಸು ಓಡಿಸಿದವಳು. ಈಗಲೂ ಹಿಂದಿನ ಸೀಟಿಗೆ ಕೇಳಲಿ ಎಂಬಂತೆಯೇ ಮಾತಾಡುತ್ತಿದ್ದಳು. ಇವರು ಮನೆಗೆ ಬಂದ ದಿನವೇ ಒಂದು ತಟ್ಟೆ ತುಂಬ ಸಿಹಿ ತಂದುಕೊಟ್ಟಿದ್ದಳು. ತಟ್ಟೆಯ ತಳಕ್ಕೆ ಟೇಪಿನ ಮೇಲೆ ಬರೆದ ಅವಳ ಹೆಸರು. ಆ ಕಡೆಯಲ್ಲಿ ತಟ್ಟೆಯನ್ನು ಬರಿದಾಗಿ ಯಾರೂ ಹಿಂತಿರುಗಿಸುವುದಿಲ್ಲ. ತುಂಬಿ ಕೊಟ್ಟರೆ ಅದು ಮತ್ತೆ ತುಂಬಿ ಬರುತ್ತದೆ. ಹೊರಟು ನಿಂತವಳಿಗೆ ಆ ಕೊಡುಕೊಳ್ಳುವಿಕೆ ಏಕೆಂದು ಇನೆಸ್ ಅದನ್ನು ತೊಳೆದು ಫ್ರಿಜ್ಜಿನ ಮೇಲೆ ಇಟ್ಟುಬಿಟ್ಟಿದ್ದಳು.

"ತಟ್ಟೆಗೆ ಅಂತ ಬಂದೆ, ಅವಸರ ಏನೂ ಇಲ್ಲ ಕಣಮ್ಮ" ಎಂದಳು ಆರ್ಲಿಸ್. "ನಾಳೆ ಚರ್ಚಿನಲ್ಲಿ ಒಬ್ಬರ ಸಾವಿನ ಊಟ ಇದೆ. ನನ್ನ ಬೇರೆ ತಟ್ಟೆಗಳು ಯಾರ್ಯಾರ ಮನೇಲೋ ಚಳಿಗಾಲ ಕಳೀತಾ ಇವೆ. ನಿಂದಾದ್ರೂ ಎಲ್ಲಿದೆ ಅಂತ ಗೊತ್ತಿತ್ತು."

"ತಪ್ಪಾಯ್ತು ಆರ್ಲಿಸ್. ಏನಾದ್ರೂ ಮಾಡಿ ಹಾಕಿ ಕೊಡೋಣ ಅಂತಿದ್ದೆ."

"ಖಾಲಿ ತಟ್ಟೆ ತಗೊಂಡು ಹೋದ್ರೆ ನಂಗೇನೂ ಬೇಜಾರಿಲ್ಲ. ಬೀದಿಯವರು ನೋಡ್ತಾರೆ, ಅಷ್ಟೇ." ಹೀಗೆಂದು ನಕ್ಕು, ತಟ್ಟೆ ಹಿಡಿದು ಮೆಟ್ಟಿಲಿಳಿದವಳು ಎರಡು ಮನೆಗಳ ನಡುವೆ ನಿಂತಳು. ಬೀದಿಯ ಪ್ರತಿ ಮನೆಯ ಪಕ್ಕದಲ್ಲೂ ಪೈಪು ನೀರು ಉಗುಳುತ್ತಿತ್ತು. ಇನೆಸ್ ಮನೆಯ ಪೈಪಿನ ಬಾಯಿ ಒಣಗಿತ್ತು. "ನಿಮ್ಮ ಪಂಪ್ ಓಡ್ತಾ ಇಲ್ಲವಲ್ಲೇ" ಎಂದಳು ಆರ್ಲಿಸ್. "ಕೆಳಗೆ ಯಾರಾದ್ರೂ ಹೋಗಿ ನೋಡಿದ್ರಾ?"

ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಡ್ವೈಟ್ ಮೊದಲು ಕೆಳಗಿನ ವಿದ್ಯುತ್ತನ್ನು ಪೂರ್ತಿ ಆರಿಸಿ, ರಬ್ಬರ್ ಬೂಟು ಹಾಕಿ ಇಳಿದ. ಆರ್ಲಿಸ್ ಯಾರಿಗೋ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆಲ್ಲ ಬೀದಿಯ ಮೂರು ಮನೆಯವರು ನೀರು ಹೀರುವ ಯಂತ್ರ, ಬಕೆಟ್ಟು, ದೊಡ್ಡ ಫ್ಯಾನು ಹೊತ್ತು, ಬಾಗಿಲು ತಟ್ಟದೆಯೇ ಒಳಗೆ ಬಂದರು. ಡ್ವೈಟ್ ಒಂದು ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಲು ಹೋದ. ಖಾಲಿ ಪೆಟ್ಟಿಗೆಯನ್ನು ಎತ್ತುವಂತೆ. ಅದು ಕದಲಲಿಲ್ಲ. ಎರಡೂ ಕೈ ಹಾಕಿ ಎಳೆದ. ನೆಂದ ರಟ್ಟಿನ ತಳ ಬಿಟ್ಟು ಚೌಕಟ್ಟು ಹಾಕಿದ ಫೋಟೊಗಳು, ಕಸೂತಿಯ ಮೇಜಿನ ಬಟ್ಟೆಗಳು, ಅವಳ ಚಪ್ಪಲಿಗಳು ನೀರಿಗೆ ಬಿದ್ದವು.

ಅವನು ಅವಳ ಕಡೆ ನೋಡಿದ. ಆಮೇಲೆ ಗುಂಡಿಯ ಹತ್ತಿರ ಹೋಗಿ ನೇತಾಡುವ ಪ್ಲಗ್ ಹಿಡಿದು, "ಇದನ್ನ ಯಾರು ಕಿತ್ತಿದ್ದು?" ಎಂದ.

"ನಾನಂತೂ ಅಲ್ಲ" ಎಂದಳು ಮೆಟ್ಟಿಲ ಮೇಲಿದ್ದ ಬೀಯಾ.

"ನಾನು" ಎಂದಳು ಇನೆಸ್. "ಫೋನಿನಲ್ಲಿ ಮಾತು ಕೇಳಿಸ್ತಿರಲಿಲ್ಲ."

"ಫೋನಿನಲ್ಲಿ ಮಾತಾಡೋಕೆ ಇಲ್ಲಿಗ್ಯಾಕೆ ಬಂದೆ?"

ಆರ್ಲಿಸ್ ಕೈಯಲ್ಲಿದ್ದ ಬಕೆಟ್ಟಿಗೆ ಫೋಟೊಗಳನ್ನು ಹಾಕಿಕೊಂಡು, "ಬಾರೇ ಮರಿ, ನಿಮ್ಮಮ್ಮನ ಫೋಟೊ ಬಿಸಿಲಿಗೆ ಹಾಕೋಣ" ಎಂದು ಬೀಯಾಳನ್ನೂ ಉಳಿದವರನ್ನೂ ಹೊರಡಿಸಿಕೊಂಡು ಮೇಲೆ ಹೋದಳು.

ಇನೆಸ್ ಹೇಳಿದಳು. ಮರೀಬೆಲ್, ಸೋಮವಾರ, ಪೆಟ್ಟಿಗೆ, ಪಂಪು. ಅಪ್ಪನ ದೋಣಿಯ ಮಾತನ್ನೂ ಹೇಳಿದಳು. ಇಷ್ಟು ವರ್ಷದಲ್ಲಿ ಅದನ್ನು ಅವನಿಗೆ ಹೇಳಿಯೇ ಇರಲಿಲ್ಲ ಎಂದು ಹೇಳುವಾಗಷ್ಟೇ ಗೊತ್ತಾಯಿತು.

"ಸೋರೋ ದೋಣೀಲಿ ಕೂತಿದೀನಿ ಅಂತ ಇಡೀ ಚಳಿಗಾಲ ನೀನು ಹೆದರಿಕೊಂಡಿದ್ದೆ" ಎಂದ ಡ್ವೈಟ್. "ನಂಗೊಂದು ಮಾತು ಹೇಳಬಾರದಾಗಿತ್ತಾ?"

"ನೀನು ಶಿಳ್ಳೆ ಹೊಡೀತಿದ್ದೆ."

ಅವನು ನೀರಿನಲ್ಲಿ ತೇಲುತ್ತಿದ್ದ ಚಪ್ಪಲಿಯೊಂದನ್ನು ಎತ್ತಿ ಮೆಟ್ಟಿಲ ಮೇಲಿಟ್ಟ. "ಏನಂತ ಹೇಳ್ತೀಯ ಸೋಮವಾರ?"

"ಗೊತ್ತಿಲ್ಲ."

"ಗುರುವಾರ ಗೊತ್ತಿತ್ತಲ್ಲ."

ಮಧ್ಯಾಹ್ನದ ಹೊತ್ತಿಗೆ ಅವಳ ಬದುಕೆಲ್ಲ ಕಾರು ನಿಲ್ಲಿಸುವ ಜಾಗದಲ್ಲಿ ಬಿಸಿಲಿಗೆ ಹರಡಿತ್ತು. ಬಂದವರು ಒಂದೊಂದನ್ನೇ ಒರೆಸುತ್ತ, ಇದೇನು, ಅದೇನು ಎಂದು ಕೇಳುತ್ತ, ತಮಗೆ ತೋಚಿದ ಹಾಗೆ ಸಾಲಾಗಿ ಇಡುತ್ತಿದ್ದರು. ಇನೆಸ್‌ಳ ಅಪ್ಪ ದೋಣಿಯಲ್ಲಿ ತೊಡುತ್ತಿದ್ದ ಎಣ್ಣೆಬಟ್ಟೆಯ ದೊಡ್ಡ ಕೋಟನ್ನು ಆರ್ಲಿಸ್ ಬೇಲಿಗೆ ನೇತುಹಾಕಿದಳು.

"ನಿಮ್ಮಪ್ಪ ಇಷ್ಟು ದೊಡ್ಡ ಮನುಷ್ಯ, ಪಂಪಿನ ಸದ್ದಂದ್ರೆ ಭಯವಾ?" ಎಂದು ಕೇಳಿದಳು. ಕೆಳಗಿನ ಮಾತು ಮೇಲಕ್ಕೂ ಕೇಳಿಸಿತ್ತು.

"ಓಡಿದ್ರೆ ಭಯ."

"ನಮಗೆ ನಿಂತ್ರೆ" ಎಂದಳು ಆರ್ಲಿಸ್. ಕೋಟಿನ ತೋಳು ಹಿಂಡಿದಳು. "ಇಲ್ಲೆಲ್ಲ ಮೊದಲು ಕೆರೆಯಂಥ ಜೌಗು ನೆಲ ಕಣಮ್ಮ. ಯಾರೂ ಒಣ ನೆಲದ ಮೇಲೆ ಕೂತಿಲ್ಲ. ಪಂಪಿದೆ, ಕೂತಿದೀವಿ."

ಒಣಗಿದ ಬಟ್ಟೆ ಇಡಲು ಇನೆಸ್ ಮಹಡಿ ಹತ್ತಿದಾಗ ಬೀಯಾಳ ಕೋಣೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಅಜ್ಜನ ಮೀನುಬಲೆಯನ್ನು ತೇಲಿಸುತ್ತಿದ್ದ ಬೆಂಡಿನ ಉಂಡೆಗಳನ್ನು ಹಗ್ಗಕ್ಕೆ ಪೋಣಿಸಿ, ಮಂಚದ ಮೇಲೆ ನಿಂತು ಅವಳು ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಮೊಳೆ ಸೊಟ್ಟಗಿತ್ತು.

"ಯಾರನ್ನ ಕೇಳಿ ಹೊಡೀತಿದೀಯ?"

"ಯಾರನ್ನ ಕೇಳಬೇಕು?" ಎಂದಳು ಮಗಳು ತಿರುಗದೆ. "ಗೋಡೆ ನಂದಲ್ವಾ?"

ಹಳೆಯ ಮನೆಯ ಪರದೆ ಇನೆಸ್‌ಗೆ ನೆನಪಾಯಿತು. ಅದರ ಮೇಲೆ ಬೀಯಾ ಚಿತ್ರಗಳನ್ನು ಗುಂಡುಸೂಜಿಯಿಂದ ಚುಚ್ಚುತ್ತಿದ್ದಳು, ಯಾರಾದರೂ ಹಾದುಹೋದರೆ ಎಲ್ಲ ಅಲ್ಲಾಡುತ್ತಿದ್ದವು. ಬಟ್ಟೆ ಕೆಳಗಿಟ್ಟು ಅವಳು ಹಗ್ಗದ ಇನ್ನೊಂದು ತುದಿ ಹಿಡಿದಳು.

ಸೋಮವಾರ ಮರೀಬೆಲ್‌ಳ ಫೋನನ್ನು ಅಡುಗೆಮನೆಯಲ್ಲೇ ಎತ್ತಿಕೊಂಡಳು. ಎದುರಿಗೆ ಡ್ವೈಟ್ ಬೆಣ್ಣೆ ಹಚ್ಚಿದ ಬ್ರೆಡ್ಡಿಗೇ ಮತ್ತೆ ಬೆಣ್ಣೆ ಹಚ್ಚುತ್ತಿದ್ದ. ಕೆಳಗೆ ಪಂಪು ಎದ್ದಿತು. ಇನೆಸ್ ದನಿ ಏರಿಸಿದಳು.

"ಈ ವರ್ಷ ಬರಲ್ಲ ಮರೀಬೆಲ್. ಮುಂದಿನ ವರ್ಷದ ಮಾತು ನಂಗೊತ್ತಿಲ್ಲ."

"ಯಾಕೆ, ಊರು ಹಿಡಿಸಿತಾ?"

"ಇಲ್ಲ. ಮಗಳು ಗೋಡೆಗೆ ಮೊಳೆ ಹೊಡೆದಿದಾಳೆ."

ಫೋನ್ ಇಟ್ಟ ಮೇಲೂ ಡ್ವೈಟ್ ಬೆಣ್ಣೆ ಹಚ್ಚುತ್ತಲೇ ಇದ್ದ. "ಶಿಳ್ಳೆ ಹೊಡಿ ಬೇಕಾದ್ರೆ" ಎಂದಳು.

"ಬೇಡ. ನೀನು ಏನು ಯೋಚಿಸ್ತಿದೀಯ ಅಂತ ಸ್ವಲ್ಪ ದಿನ ಕೇಳಿಸ್ಕೊಳ್ತೀನಿ."

ಮನಸ್ಸು ಹಗುರಾಗಬಹುದೆಂದು ಅವಳು ಕಾದಳು, ಆಗಲಿಲ್ಲ. ಕಿಟಕಿಯಾಚೆ ಇನ್ನೊಂದು ಮನೆಯ ಚೌಕಟ್ಟು ಏಳುತ್ತಿತ್ತು, ಅದರ ಬುಡದಲ್ಲಿ ಯಾರೋ ಗುಂಡಿ ತೋಡುತ್ತಿದ್ದರು. ಪಂಪು ದಬ್ಬೆಂದು ನಿಂತಿತು. ಅವಳು ಮೆಟ್ಟಿಲಿಳಿದು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಡೆದು ಹೋಗಿ, ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಮೇಲೆ ಬರಬೇಕಾದವಳು ಅಲ್ಲೇ ಗುಂಡಿಯ ಮುಚ್ಚಳದ ಮೇಲೆ ಕೈಯಿಟ್ಟು, ಪಂಪು ಮತ್ತೆ ಏಳುವವರೆಗೂ ನಿಂತಿದ್ದಳು.