ಒಂದು ಬೆರಳು ಸಾಕಾಗುವ ಆಟ

ಕಂಪ್ಯೂಟರಿನೊಳಗೆ ಗರ್ ಅಂತ ಸುತ್ತುತ್ತಿದೆ ಸಿಡಿ, ನಿಲ್ಲುತ್ತದೆ, ಮತ್ತೆ ಗರ್ — ಕುಕ್ಕರ್ ಕೂಗಿದರೂ ಏಳಲಾರೆ, ಬೇಳೆ ಸೀದರೆ ಸೀಯಲಿ, ಸ್ಕೂಟರಿನಿಂದ ಬಿದ್ದ ಮೇಲೆ ಇವರು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ, ಹಾಕು ನೋಡಣ ಅಂತ, ಅದೂ ಕಟ್ಟಿಕೊಂಡ ನನ್ನನ್ನಲ್ಲ, ಪ್ರಸಾದನನ್ನು. ಇವರ ಆಫೀಸಿನ ಗೆಳೆಯ, ಕೆಲಸ ಮುಗಿಸಿ ಇಬ್ಬರೂ ಅಲ್ಲೇ ಆಡುತ್ತಿದ್ದ ಯುದ್ಧದಾಟವನ್ನು ರಾಮಕೃಷ್ಣನಗರದ ನಮ್ಮ ಮನೆಯವರೆಗೆ ಹೊತ್ತು ತಂದಿದ್ದಾನೆ, ಇದ್ರಲ್ಲಿ ಆತುರ ಇಲ್ಲ ಅತ್ತಿಗೆ, ನಾವು ನಡೆ ಇಡೋಗಂಟ ವೈರಿ ಕಾಯ್ತಾ ಕೂತಿರ್ತಾನೆ, ಒಂದು ಬೆರಳು ಸಾಕು. ಇವರಿಗೆ ಕತ್ತಿನ ಕೆಳಗೆ ಅಲ್ಲಾಡುವುದಕ್ಕೆ ಒಂದು ಬೆರಳೇ ಉಳಿದಿರುವುದು, ಬಲಗೈಯದು, ಜೊತೆಗೆ ಒಂದಿಷ್ಟು ಮಣಿಕಟ್ಟು. ವೈರಿ ಕಾಯುತ್ತಾನಂತೆ! ನಂಟರೇ ಕಾಯಲಿಲ್ಲ, ಮೊದಲ ವಾರ ಮೂಸಂಬಿ ಹಿಡಿದು ಸಾಲುಗಟ್ಟಿದವರು ಈಗ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ, ಫಿಜಿಯೋದವನು ಕೊಟ್ಟ ರಬ್ಬರ್ ಚೆಂಡು ಮಂಚದಡಿ ಸೇರಿ ಧೂಳು ಹಿಡಿದಿದೆ, ಇವರು ಮುಟ್ಟಿಲ್ಲ, ಈವತ್ತು ಮಾತ್ರ ಆ ಬೆರಳು ತಾನಾಗಿಯೇ ಮೌಸಿನ ಮೇಲೆ — ಓಡಲಿ ಶಿವನೇ, ಇದೊಂದು ಓಡಲಿ.

ವಿಭೂತಿ ಇಟ್ಟಿವ್ನಿ ಕಣಪ್ಪ, ಓಡ್ತದೆ ಬುಡು, ಅತ್ತೆ ಬಾಗಿಲಲ್ಲೇ ನಿಂತು ಕಂಪ್ಯೂಟರಿಗೆ ಕೈ ಮುಗಿಯುತ್ತಾರೆ, ಪ್ರಸಾದ್ ಸಿಡಿ ಡಬ್ಬಿಯ ಹಿಂಬದಿ ಓದಿ ಮುಖ ಸಣ್ಣದು ಮಾಡುತ್ತಾನೆ, ಮೆಮೊರಿ ಅರವತ್ನಾಲ್ಕು ಎಂಬಿ ಬೇಕಂತೆ, ಇದ್ರಲ್ಲಿ ಮೂವತ್ತೆರಡೇ ಇರೋದು. ಹಾಕಿಸಿದರಾಯಿತಪ್ಪ, ಅನ್ನುತ್ತೇನೆ. ಹಾಕಕ್ಕೆ ಜಾಗಾನೇ ಇಲ್ಲ ಅತ್ತಿಗೆ, ಒಳಗಿನ ಬೋರ್ಡೇ ಹಳೇದು. ಮೆಲ್ಲಗೆ ಹೇಳೋ ಪುಣ್ಯಾತ್ಮ, ಅವರಿಗೆ ಕೇಳಿಸುತ್ತದೆ, ಡಾಕ್ಟರೂ ಹೀಗೇ, ಇವರ ತಲೆಯ ಪಕ್ಕದಲ್ಲೇ ನಿಂತು ಏನೂ ಮಾಡಕ್ಕಾಗಲ್ಲಮ್ಮ ಅಂದುಬಿಟ್ಟರು, ಹೊಸ ಕಂಪ್ಯೂಟರಂತೂ ಕನಸಿನ ಮಾತು, ಇದ್ದದ್ದನ್ನೆಲ್ಲ ಆಸ್ಪತ್ರೆ ನುಂಗಿ ನೀರು ಕುಡಿದಿದೆ.

ಆದ್ರೂ ಒಂದ್ಸಲ ನೋಡೇಬುಡಣ ಎಂದು ಪ್ರಸಾದ್ ಆಟ ತೆರೆದ, ಪರದೆ ಕಪ್ಪಾಯಿತು, ಆಮೇಲೆ ನಡುವೆ ಬೂದುಬಣ್ಣದ ಒಂದು ಚೌಕ, ಇಂಗ್ಲಿಷಿನಲ್ಲಿ ಒಂದೇ ಸಾಲು, ಈ ಕಂಪ್ಯೂಟರಿನಲ್ಲಿ ಈ ಆಟ ಆಗದು ಅಂತ, ಕೆಳಗೆ ಓಕೆ ಅನ್ನುವ ಒಂದು ಗುಂಡಿ. ಬುಡು ಅಮರೇಶಣ್ಣ, ಬೇರೆ ಯಾವ್ದಾದ್ರೂ ತರ್ತೀನಿ, ಅಂದ ಇವರತ್ತ ತಿರುಗಿ. ಇರು, ನಾನು ಒತ್ತುತ್ತೀನಿ, ಅಂದರು ಇವರು, ಮಣಿಕಟ್ಟು ತೆವಳಿತು, ಪರದೆಯ ಮೇಲಿನ ಬಾಣ ನಡುಗುತ್ತ ಹೋಗಿ ಗುಂಡಿಯ ಮೇಲೆ ಕೂತಿತು, ಒತ್ತಿದರು, ಚೌಕ ಹೋಯಿತು — ಮುಗಿಯಿತು ಅಂದುಕೊಂಡೆ — ಬಾಣ ಮತ್ತೆ ಆಟದ ಚಿತ್ರದ ಕಡೆಗೆ, ಒತ್ತಿದರು, ಮತ್ತೆ ಅದೇ ಚೌಕ, ಆಗದು, ಓಕೆ, ಸಾಕು ಬಿಡಿ ಅನ್ನಬೇಕು ನಾನು, ಒಪ್ಪಲ್ಲ ಅನ್ನುವುದಕ್ಕೆ ಅಲ್ಲಿ ಗುಂಡಿಯೇ ಇಲ್ಲ, ಮತ್ತೆ ಬೆರಳು, ಮತ್ತೆ ಚೌಕ, ಆಗದು, ಓಕೆ, ಬೆರಳು, ಚೌಕ, ಓಕೆ —