ಏರಿನಲ್ಲಿ ಕುದಿದ ಜೀಪು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವಳು ಎಂದಿನಂತೆ ಒಂದು ಲೀಟರು ಅಳೆದು ಹೋದಳು. ಅರ್ಧ ಸಾಕು ಎನ್ನಲು ನನಗೆ ತೋಚಲಿಲ್ಲ. ಒಲೆಯ ಮುಂದೆ ನಿಂತೇ ಇದ್ದೆ. ಹಾಲು ಕಣ್ಣೆದುರಿಗೇ ಏರಿ, ಅಂಚು ದಾಟಿ, ಉರಿಯ ಮೇಲೆ ಸುರಿಯಿತು. ಕೈ ಚಾಚಿದ್ದರೆ ಸಾಕಿತ್ತು. ಚಾಚಲಿಲ್ಲ.

ಕಿಟಕಿಯಾಚೆ ಜೀಪು ನಿಂತಿತ್ತು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದಿದ್ದರು. ಬಂಪರಿಗೆ ಬಿಗಿದ ಹಗ್ಗ ಇನ್ನೂ ಹಾಗೇ ಇತ್ತು. ಬಾನೆಟ್ಟಿನ ಅಂಚಿನಿಂದ ಉಕ್ಕಿ ಹರಿದ ನೀರು ತುಕ್ಕಿನ ಬಣ್ಣದ ಗೆರೆಗಳಾಗಿ ಒಣಗಿತ್ತು.

ನನ್ನ ಗಂಡ ಮುಕುಂದ ದನದ ಡಾಕ್ಟರು. ವಾರಕ್ಕೊಮ್ಮೆ ಗುಡ್ಡ ದಾಟಿ ಆಚೆಯ ಕುರಿಹಟ್ಟಿಗಳಿಗೆ ಹೋಗಿ ಸಂಜೆಗೆ ಮರಳುತ್ತಿದ್ದರು. ಆ ದಿನ ಮರಳುವಾಗ ಗುಡ್ಡದ ಆಚೆಬದಿಯ ಏರಿನಲ್ಲಿ ಇಂಜಿನ್ ಕುದಿಯಿತು. ಅದು ಆರಲೆಂದು ರಸ್ತೆಯಂಚಿಗೆ ಕುಳಿತಿದ್ದಾಗ ಎದೆನೋವು ಬಂದಿರಬೇಕು. ಟ್ರ್ಯಾಕ್ಟರಿನವರ ಕಣ್ಣಿಗೆ ಬೀಳುವ ಹೊತ್ತಿಗೆ ಎರಡು ತಾಸು ಕಳೆದಿತ್ತು, ಜೀವ ಹೋಗಿತ್ತು. ಆಸ್ಪತ್ರೆ ಅಲ್ಲಿಂದ ಅರ್ಧ ತಾಸಿನ ದಾರಿ.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ನನ್ನೊಬ್ಬಳ ಬಳಿ ಇತ್ತು. ಆ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ ಅವರು, "ರೇಡಿಯೇಟರಿನ ನೀರು ಒಂಚೂರು ನೋಡ್ತೀಯೇನು?" ಎಂದಿದ್ದರು. ನಾನು ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ, "ನೋಡಿದೇನು?" ಎಂದರು.

"ನೋಡೀನಿ" ಎಂದೆ. ಕುರ್ಚಿಯಿಂದ ಎದ್ದೇ ಇರಲಿಲ್ಲ.

ಹತ್ತು ಗಂಟೆಗೆ ದಾವಲ್ ಮಿಸ್ತ್ರಿ ಬಂದರು. ಆ ಜೀಪನ್ನು ವರ್ಷಗಳಿಂದ ರಿಪೇರಿ ಮಾಡಿಕೊಂಡು ಬಂದವರು. ಹಗ್ಗ ಬಿಚ್ಚಿ ಸುತ್ತಿಡುತ್ತ, "ಕಣ್ಣ ಮುಂದ ಯಾಕ ಇದು, ಅಕ್ಕಾರ? ನನ್ನ ಶೆಡ್ಡಿಗೆ ಒಯ್ತೀನಿ" ಎಂದರು.

"ಬ್ಯಾಡ್ರಿ. ಇಲ್ಲೇ ನೋಡ್ರಿ. ಅದು ಯಾಕ ಕುದೀತು ಅಂತ ನನಗ ಗೊತ್ತಾಗಬೇಕು."

ಅವರು ನನ್ನ ಮುಖ ನೋಡಿದರು. ಬಾನೆಟ್ ಎತ್ತಿದರು.

ರೇಡಿಯೇಟರಿನಲ್ಲಿ ಹನಿ ನೀರಿರಲಿಲ್ಲ. ನಾನು ಬಗ್ಗಿ ಇನ್ನೊಮ್ಮೆ ನೋಡಿದೆ. ಮಿಸ್ತ್ರಿ ಮಾತ್ರ, "ಉಕ್ಕಿದ ಮ್ಯಾಲ ಖಾಲಿ ಇರಾಕಬೇಕು. ಮುಂಜಾನಿ ಎಷ್ಟಿತ್ತು ಅಂತ ಇದರಿಂದ ಹೇಳಾಕ ಬರಂಗಿಲ್ಲ" ಎಂದು ಕತ್ತಿನವರೆಗೆ ತುಂಬಿಸಿದರು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿಂದ ಒತ್ತಿದರು, ಬಿಗಿಯಾಗಿತ್ತು. ರೇಡಿಯೇಟರಿನ ಜಾಲರಿಯಲ್ಲಿ ಸಿಕ್ಕಿದ್ದ ಹುಲ್ಲುಬೀಜಗಳನ್ನು ಊದಿ ತೆಗೆದರು. ಇಂಜಿನ್ ಚಾಲೂ ಮಾಡಿ ನೀರಿನಲ್ಲಿ ಗುಳ್ಳೆ ಏಳುತ್ತವೆಯೇ ಎಂದು ಬಗ್ಗಿ ನೋಡಿದರು. ಏಳಲಿಲ್ಲ.

"ಗುಳ್ಳಿ ಇಲ್ಲ ಅಂದ್ರ ಇಂಜಿನ್ನಿನ ಹೆಡ್ಡು ಗಟ್ಟಿ ಐತಿ. ನಿಂತಲ್ಲೇ ಎಲ್ಲಾ ಗಾಡೀನೂ ಶಾಣ್ಯಾ ಇರ್ತಾವ. ಏರಿಗೆ ಹಚ್ಚಿ ನೋಡೂಣು ಬರ್ರಿ."

ಊರ ನೀರಿನ ಟಾಕಿಯ ಕಡಿದಾದ ಏರಿಗೆ ಜೀಪನ್ನು ಎರಡು ಸಲ ಹತ್ತಿಸಿದೆವು. ಎರಡನೇ ಸಲ ಬಿಸಿಯ ಮುಳ್ಳು ಕೆಂಪಿಗೆ ಹೋಯಿತು. ತುಂಬಿದ ನೀರಿನಲ್ಲೂ. ಮಿಸ್ತ್ರಿ ಇಳಿದು ರೇಡಿಯೇಟರಿಗೆ ಅಂಗೈ ಊರಿ, "ನೀವೂ ಹಿಡೀರಿ" ಎಂದರು.

ಹಿಡಿದೆ. ಅದು ಬೆಚ್ಚಗಿತ್ತು, ಅಷ್ಟೇ.

"ಇಂಜಿನ್ ಬೆಂಕಿ ಆಗೇತಿ, ಇದು ಜಳಕದ ನೀರಿನಷ್ಟೂ ಇಲ್ಲ. ನೀವು ಫಿಸಿಕ್ಸ್ ಕಲಿಸಾವರು, ಹೇಳ್ರಿ."

"ಕಾದ ನೀರು ಇಲ್ಲಿಗೆ ಸರಿಯಾಗಿ ಬರ್ತಾ ಇಲ್ಲ. ಇಂಜಿನ್ನಿನೊಳಗ ಸುತ್ತಾಕತ್ತದ."

ಮಿಸ್ತ್ರಿಯ ಮುಖ ಬದಲಾಯಿತು. ಮನೆಗೆ ಬಂದು, ಇಂಜಿನ್ ತಣ್ಣಗಾಗುವವರೆಗೂ ಕಾದು, ಅದರ ನೆತ್ತಿಯ ಒಂದು ಸಣ್ಣ ಮುಚ್ಚಳ ಬಿಚ್ಚಿದರು. ಒಳಗೆ ಖಾಲಿ ಗುಳಿ.

"ಇಲ್ಲಿ ಏನಿರಬೇಕಿತ್ತು?"

"ಥರ್ಮೋಸ್ಟಾಟ್. ನೀರು ಕಾಯೂತನಕಾ ಬಾಗಿಲಾ ಹಾಕ್ಕೊಂಡು ಕೂಡತೈತಿ."

"ಯಾರು ತೆಗೆದರು?"

ಅವರು ಬಟ್ಟೆಯಿಂದ ಕೈ ಒರೆಸಿದರು. ಮತ್ತೆ ಒರೆಸಿದರು. "ನಾನ. ಮೂವತ್ತು ವರ್ಷದಿಂದ ಬಂದ ಜೀಪಿಂದೆಲ್ಲಾ ತಗದು ಒಗೀತೀನಿ. ನಮ್ಮ ಬಿಸಿಲೂರಾಗ ಈ ಬಾಗಿಲಾ ಯಾಕ ಬೇಕು, ನೀರು ಸರಾಗ ಓಡ್ಲಿ ಅಂತ. ಒಂದಕ್ಕೂ ಏನೂ ಆಗಿಲ್ಲ, ಅಕ್ಕಾರ. ಆದ್ರ ಇದಕ್ಕ ಹೋದ ವರ್ಷ ಬ್ಯಾರೆ ಇಂಜಿನ್ ಕೂಡಿಸಿದ್ವಿ..."

ಮಧ್ಯಾಹ್ನ ಅವರು ಅಂಗಡಿಯಿಂದ ಅದೇ ಇಂಜಿನ್ನಿನ ಥರ್ಮೋಸ್ಟಾಟ್ ತಂದರು. ಹಿತ್ತಾಳೆಯ, ನಿಂಬೆಹಣ್ಣಿನಷ್ಟು ದೊಡ್ಡದು. ಹಾಲು ಉಕ್ಕಿದ ಪಾತ್ರೆಯನ್ನು ತಿಕ್ಕಿ ನೀರಿಟ್ಟೆ. ಉಷ್ಣಮಾಪಕ ಇಳಿಬಿಟ್ಟು ಇಬ್ಬರೂ ಬಗ್ಗಿ ನಿಂತೆವು. ಎಂಬತ್ತೆರಡು ಡಿಗ್ರಿಗೆ ಥರ್ಮೋಸ್ಟಾಟಿನ ಬಾಯಿ ಮೆಲ್ಲಗೆ ತೆರೆಯಿತು. ತೆರೆದಂತೆಲ್ಲ ಅಡಿಯಲ್ಲಿದ್ದ ಒಂದು ಬಿಲ್ಲೆ ಕೆಳಗಿಳಿಯಿತು.

"ನೋಡ್ರಿ, ರೇಡಿಯೇಟರಿನ ದಾರಿ ತೆಗೆದಂಗ ಇದು ಕೆಳಗಿನ ಅಡ್ಡದಾರಿ ಮುಚ್ಚತದ. ಹಳೆ ಇಂಜಿನ್ನಿನೊಳಗ ಈ ಅಡ್ಡದಾರಿ ಇರಲಿಕ್ಕಿಲ್ಲ; ಇದರೊಳಗ ಬಿಲ್ಲೆ ಇಲ್ಲಂದ್ರ ಅದು ಯಾವಾಗಲೂ ಬಿಚ್ಚೇ ಇರ್ತದ. ನೀರು ರೇಡಿಯೇಟರ್ ಬಿಟ್ಟು ಹತ್ತಿರದ ದಾರಿ ಹಿಡೀತದ. ಸಪಾಟು ರಸ್ತೆಯೊಳಗ ಹೆಂಗೋ ನಡೀತದ, ಏರಿನಾಗ ಸಾಲೋದಿಲ್ಲ."

ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದ್ದೆ. ತಿರುಗಿ ನೋಡಿದಾಗ ಮಿಸ್ತ್ರಿ ಹೊಸ್ತಿಲ ಮೇಲೆ ಕುಸಿದು ಕೂತಿದ್ದರು. ಟೋಪಿ ಕೈಯಲ್ಲಿತ್ತು.

"ಸಾಹೇಬ್ರು ರಾತ್ರಿಯೆಲ್ಲಾ ಕುಂತು ನನ್ನ ಎಮ್ಮಿ ಉಳಿಸಿದ್ರು. ನಾನು ಅವರಿಗೆ ಇದನ್ನ ಮಾಡಿದೆ."

ಆಗ ನಾನು ಹೇಳಿದೆ. ನೀರು ನೋಡಿರಲಿಲ್ಲ, ನೋಡೀನಿ ಅಂದೆ ಎಂದು. ಬೇರೆಯವರ ಮಾತು ಹೇಳಿದಂತಿತ್ತು.

ಅವರು ಟೋಪಿಯನ್ನು ತಲೆಗೆ ಹಾಕಿಕೊಂಡರು. "ನೀರು ಕಮ್ಮಿ ಇದ್ರ ಅದಕ್ಕೂ ಕುದೀತೈತಿ. ನಿಮ್ಮದರಿಂದನೋ ನನ್ನದರಿಂದನೋ, ಯಾರು ಹೇಳಾವರು?"

"ಯಾರೂ ಇಲ್ಲ" ಎಂದೆ. ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಲಿಲ್ಲ.

ಮರುದಿನ ಥರ್ಮೋಸ್ಟಾಟ್ ಕೂಡಿಸಿ, ಹಿಂದಿನ ಸೀಟಿನಡಿ ನಟ್ಟು ಬಿಚ್ಚುವ ಪಾನಾ ಇಡಲು ಹೋದಾಗ ಮಿಸ್ತ್ರಿಗೆ ಅಡ್ಡಬಿದ್ದು ಖಾಲಿಯಾದ ಒಂದು ತಾಮ್ರದ ಕೊಡ ಸಿಕ್ಕಿತು. ನಮ್ಮ ಮನೆಯದಲ್ಲ. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ 'ಗುರವ್ವ' ಎಂದು ಕೆತ್ತಿತ್ತು.

"ಗುಡ್ಡದ ಈ ಕಡಿ ಏರಿನ ಬುಡದಾಗ ಚಾ ಕಾಸತಾಳಲ್ಲ, ಆಕಿದು" ಎಂದರು ಮಿಸ್ತ್ರಿ. "ಗಾಡೀನೂ ಗುಡ್ಡಕ್ಕ ಹಚ್ಚಿ ನೋಡಬೇಕು. ನೀವ ನಡಸ್ರಿ. ನಾನು ಮುಳ್ಳು ನೋಡ್ತೀನಿ."

ಒಂದು ಕ್ಯಾನು ನೀರು ಹಾಕಿಕೊಂಡು ಹೊರಟೆವು. ಗುಡ್ಡದ ಆಚೆಗಿಳಿದು, ತಿರುಗಿ ನೆತ್ತಿಯವರೆಗೆ ಎರಡನೇ ಗೇರಿನಲ್ಲೇ ಏರಿದೆ. ಮುಳ್ಳು ನಡುಮಧ್ಯಕ್ಕೆ ಬಂದು ನಿಂತದ್ದು ಅಲುಗಲಿಲ್ಲ. ಮುಕುಂದ ಕುಳಿತಿದ್ದ ಜಾಗವನ್ನು ಮಿಸ್ತ್ರಿ ತೋರಿಸಲಿಲ್ಲ, ನಾನು ಕೇಳಲಿಲ್ಲ. ಇಳಿದು ಬಂದು ಗುರವ್ವನ ಗುಡಿಸಲೆದುರು ನಿಲ್ಲಿಸಿದೆ. ಮಿಸ್ತ್ರಿ ಜೀಪಿನಲ್ಲೇ ಉಳಿದರು.

ಗುರವ್ವ ಕೊಡ ನೋಡಿದಳು, ನನ್ನನ್ನು ನೋಡಿದಳು. ಬೆಂಚು ಒರೆಸಿದಳು.

"ಕುಂಡ್ರು ತಂಗಿ. ಕೊಡ ಎಲ್ಲಿ ಹೋಗ್ತಿತ್ತು, ಬಿಡು. ಅವತ್ತು ಡಾಕ್ಟರು ಹೋಗೂ ಮುಂದ ಇಲ್ಲೇ ಇಳಿದ್ರು. ಚಾ ಕುಡಿಯೂತನಕಾ ಆರಲಿ ಅಂತ ಬಿಟ್ಟು, ಆಮ್ಯಾಲ ಮುಚ್ಚಳ ತೆಗೆದು ನೋಡಿದ್ರು. 'ನೀರು ನೋಡೀನಿ ಅಂದಾಳ ನನ್ನ ಹೇಣ್ತಿ. ಪೇಪರ್ ತಿದ್ದಕೋಂತ ಕುಂತಾಕಿ ಎಲ್ಲಿಂದ ನೋಡ್ತಾಳ, ಗುರವ್ವ?' ಅಂತ ನಕ್ಕ ನಕ್ಕರು."

ನಾನು ಬೆಂಚಿನಂಚಿಗೆ ಕೂತೆ. "ಎಷ್ಟು ನೀರು ಹಿಡೀತು?"

"ಎಷ್ಟು ಏನು, ಈ ಚಾದ ಬಟ್ಟಲದಷ್ಟು, ಒಂದು ವಾಟಿ. ಬಾಯಿತನಕಾ ತುಂಬೇ ಇತ್ತು. ಈಚೀಚೆಗೆ ಬಿಸಿ ಆಗತೈತಿ, ಜೋಡಿಗಿರಲಿ ಅಂತ ಈ ಕೊಡ ತುಂಬಿಸಿಕೊಂಡು ಹ್ವಾದ್ರು."

ನಾನು ಕೊಡ ಚಾಚಿದೆ. ಅವಳು ಒಳಗೆ ಇಣುಕಿ ಕೈ ಹಿಂದಕ್ಕೆಳೆದುಕೊಂಡಳು.

"ಖಾಲಿ ಕೊಡ ತಿರುಗಿ ಕೊಡಬಾರದವ್ವ. ನನಗಲ್ಲ, ನಿನ್ನ ಸಲುವಾಗಿ ಹೇಳಾಕತ್ತೀನಿ. ನೀರಾದ್ರೂ ಹಾಕಿ ತಾ."

ಜೀಪಿನ ಬಳಿಗೆ ಬಂದೆ. ಮಿಸ್ತ್ರಿ ಇಳಿದು ನಿಂತಿದ್ದರು. ಕೇಳಬೇಕೋ ಬೇಡವೋ ಎಂದು ಟೋಪಿ ಹಿಸುಕುತ್ತಿದ್ದರು. ಕೊನೆಗೆ ಕೇಳಿದರು.

"ಇಲ್ಲಿ ನೀರು ಹಾಕಿದ್ರಂತೇನು? ಎಷ್ಟು ಹಿಡೀತಂತ?"

ಒಂದು ವಾಟಿ ಎಂದರೆ ನಾನು ಬಿಡುಗಡೆಯಾಗುತ್ತಿದ್ದೆ. ಉಳಿದದ್ದೆಲ್ಲ ಅವರ ಪಾಲಿಗೆ ಹೋಗುತ್ತಿತ್ತು.

"ಅರ್ಧ ಕೊಡ. ಆಗ ಇದ್ದದ್ದ ಅಷ್ಟು, ಪೂರಾ ತುಂಬಲಿಲ್ಲಂತ" ಎಂದೆ. ಈ ಸಲ ತಲೆ ಎತ್ತಿ, ಅವರ ಕಣ್ಣು ನೋಡಿಯೇ ಹೇಳಿದೆ.

ಅವರು ಉಸಿರು ಬಿಟ್ಟರು. ಕ್ಯಾನು ಎತ್ತಿ ಬಗ್ಗಿಸಿದರು. ಇಂಜಿನ್ನಿಗೆ ಬೇಕಾಗದೆ ಉಳಿದ ನೀರು ಸಣ್ಣ ಸದ್ದು ಮಾಡುತ್ತ ಕೊಡಕ್ಕಿಳಿಯಿತು. ಕಂಠದವರೆಗೆ ತುಂಬಿದ ಮೇಲೆ ಅದನ್ನು ಸೊಂಟಕ್ಕಿಟ್ಟುಕೊಂಡು ಗುರವ್ವನ ಬಾಗಿಲಿಗೆ ನಡೆದೆ. ಹೆಜ್ಜೆಗೊಮ್ಮೆ ತುಳುಕಿದ ನೀರು ಸೀರೆಯೊಳಗಿಳಿದು ತಣ್ಣಗೆ ಮೈಗೆ ಹತ್ತುತ್ತಿತ್ತು.