ಕೆಂಪು ದಾರದ ಗಂಟು

ಶೆಂಝೆನ್‌ನ ಹುವಾಚ್ಯಾಂಗ್‌ಬೇ ಚಿಪ್ ಮಾರ್ಕೆಟ್ಟಿನಲ್ಲಿ ವೆಂಗ್‌ನಿಗೆ ಅನುಮಾನವೇ ಬಂಡವಾಳ. ಹಳೆ ಚಿಪ್ ಮೇಲೆ ಹೊಸ ಹೆಸರು ಅಚ್ಚೊತ್ತುವವರು ಅಕ್ಕಪಕ್ಕದಲ್ಲೇ ಇದ್ದುದರಿಂದ, ನಕಲಿ ಅಚ್ಚನ್ನು ಅಳಿಸಿಬಿಡುವ ಅಸಿಟೋನ್ ಹಚ್ಚಿ ಉಜ್ಜಿ ನೋಡದೆ ಅವನು ಯಾವ ಸರಕನ್ನೂ ಒಪ್ಪಿದವನಲ್ಲ. ತಾವ್ ಎಂಬಾಕೆ ಹತ್ತು ವರ್ಷದಿಂದ ಅವನಲ್ಲೇ ಕೊಳ್ಳುತ್ತಿದ್ದುದೂ ಅದಕ್ಕೇ.

ಆ ವರ್ಷ ಜಗತ್ತಿಗೇ ಚಿಪ್‌ನ ಬರ. ಕಾರಿನ ಕಂಪನಿಗಳು ಮೊದಲು ಬೇಡವೆಂದು, ಆಮೇಲೆ ಎಲ್ಲವೂ ಒಟ್ಟಿಗೇ ಬೇಕೆಂದವು, ಉಳಿದವರು ಹೆದರಿ ಎರಡರಷ್ಟು ಕೇಳಿದರು, ಇದ್ದವರು ಬಚ್ಚಿಟ್ಟರು. ತಾವ್‌ಳ ಸಣ್ಣ ಕಾರ್ಖಾನೆಯಲ್ಲಿ ರಕ್ತದ ಆಮ್ಲಜನಕ ಅಳೆಯುವ ಯಂತ್ರಗಳು ಅರೆಬರೆ ಕೂತಿದ್ದವು. ಈ ವಾರ ಚಿಪ್ ಸಿಗದಿದ್ದರೆ ಬೀಗ. ವಸಂತದಲ್ಲಿ ಕೇಳಿದಾಗ ವೆಂಗ್, "ಒಂದೂ ಇಲ್ಲಮ್ಮ" ಎಂದಿದ್ದ.

ಈಗ ಎದುರು ಕೂತ ಅವಳಿಗಾಗಿ, ಹಿಂದಿನ ಸಾಲಿನ ಅಂಗಡಿಯ ಲುವೊನಿಂದ ಪಟ್ಟಿಯಲ್ಲಿ ಸುತ್ತಿದ ಒಂದು ಸುರುಳಿ ಚಿಪ್ ತರಿಸಿದ್ದ. ಬೆಳ್ಳಿ ಬಣ್ಣದ ಚೀಲ ಮೇಜಿಗೆ ಬಂದದ್ದೇ ಅವನು ಚಹಾ ಬಟ್ಟಲನ್ನು ತಟ್ಟೆಗಿಟ್ಟ. ಚೀಲಕ್ಕೆ ಕೆಂಪು ದಾರ. ಅವನ ಊರು ಶಾಂತೌದಲ್ಲಿ ಹಬ್ಬದ ತಿಂಡಿಯ ಪೆಟ್ಟಿಗೆಗೆ ಹಾಕುವ ಗಂಟು. ಅವನ ಕೈಯದೇ. "ಇಲ್ಲ" ಎಂದ ಸಂಜೆಯೇ ಹೆಚ್ಚು ಕೊಟ್ಟವನಿಗೆ ಮಾರಿದ್ದ ಸುರುಳಿ. ಎಷ್ಟು ಕೈ ದಾಟಿತ್ತೋ, ಯಾರೂ ಬಿಚ್ಚಿರಲಿಲ್ಲ. ಬಿಚ್ಚುವುದರೊಳಗೆ ಬೆಲೆ ಏರುತ್ತಿತ್ತು.

ದಾರ ಕತ್ತರಿಸಿ ಚಹಾ ತಟ್ಟೆಯಡಿಗೆ ತಳ್ಳಿದ.

"ಅಸಲಿ. ತಗೊಂಡ್ಹೋಗಮ್ಮ."

"ಉಜ್ಜಲೇ ಇಲ್ವಲ್ಲ, ಅಣ್ಣ?"

"ಇದಕ್ಕೆ ಬೇಕಾಗಿಲ್ಲ."

"ಅತ್ತಿಗೆ ತವರಿಂದ ತಂದ ಬಳೇನೂ ಉಜ್ಜಿ ನೋಡಿದೋರು ನೀವು. ನಿಜ ಹೇಳಿ ಅಣ್ಣ, ಇದನ್ನ ನನ್ನ ತಲೆಗೆ ಕಟ್ಟೋಕೆ ಲುವೊ ಎಷ್ಟು ಕೊಟ್ಟ?"

ಅವಳು ಎದ್ದೇಬಿಟ್ಟಳು. ವೆಂಗ್ ಅವಸರವಸರವಾಗಿ ಹತ್ತಿಗೆ ಅಸಿಟೋನ್ ಅದ್ದಿ, ಹೆಬ್ಬೆರಳು ಕೆಂಪಾಗುವಂತೆ ಒಂದು ಚಿಪ್ ಉಜ್ಜಿದ. ಅಕ್ಷರ ಅಲುಗಲಿಲ್ಲ.

"ನೋಡು. ಈಗಲಾದ್ರೂ ನೋಡು."

ಅವಳು ನೋಡುತ್ತಿದ್ದುದು ತಟ್ಟೆಯಂಚನ್ನು. ಇಣುಕುತ್ತಿದ್ದ ದಾರವನ್ನು ಎರಡು ಬೆರಳಲ್ಲಿ ಎಳೆದಳು. ಗಂಟು ಹಾಗೇ ಇತ್ತು. ಹತ್ತು ವರ್ಷ ಅವಳೇ ಬಿಚ್ಚುತ್ತ ಬಂದ ಗಂಟು.

"ಲುವೊ ಇದನ್ನ ಯಾವಾಗ ಕಲಿತ?"

ವೆಂಗ್ ಅವಳ ತುಂಬಿದ ಬಟ್ಟಲಿಗೇ ಮತ್ತೆ ಚಹಾ ಬಗ್ಗಿಸಿದ.

"ಅಸಲಿನೇ ಬಿಡಿ," ಎಂದಳು ಮೆಲ್ಲಗೆ. "ಈ ಗಂಟಿನ ಚೀಲದಲ್ಲಿ ಯಾವತ್ತೂ ನಕಲಿ ಬಂದಿಲ್ಲ."

ಚೌಕಾಸಿ ಮಾಡದೆ ಫೋನಿನಲ್ಲಿ ಹಣ ಕಳಿಸಿದಳು. ಸುರುಳಿ ಎತ್ತಿಕೊಂಡಳು. ದಾರವನ್ನು ಅವನ ಮುಂದೆಯೇ ಬಿಟ್ಟಳು.

"ಬರ್ತೀನಿ, ಸಾಹುಕಾರ್ರೇ."